ಹಿರೋಳ್ಳಿಯಿಂದ ಕಡಗಂಚಿಗೆ: ನಡುವೆ ಒಂದು ಗಣಿತ ಪತ್ರಿಕೆ

ವಾಗ್ದರಿ–ರಿಬ್ಬನಪಲ್ಲಿ ರಾಜ್ಯ ಹೆದ್ದಾರಿ ಮಹಾರಾಷ್ಟ್ರ ಬಿಟ್ಟು ಕರ್ನಾಟಕಕ್ಕೆ ಕಾಲಿಡುವುದು ಆಳಂದ ತಾಲ್ಲೂಕಿನ ಹಿರೋಳ್ಳಿಯಲ್ಲಿ. ಚೆಕ್‌ಪೋಸ್ಟ್ ದಾಟಿ ಬಂದರೆ ಆಳಂದ, ಆಳಂದ ದಾಟಿದರೆ ಕಡಗಂಚಿ, ಅಲ್ಲಿಂದ ಮುಂದೆ ಕಲಬುರಗಿ. ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಊರ ಮುಂದಿನ ಒಂದೇ ರಸ್ತೆ ಹಿಡಿದು ಹೊರಟರೆ ಎರಡು ವಿಶ್ವವಿದ್ಯಾಲಯ. ಇಂಥ ಅನುಕೂಲ ರಾಜ್ಯದ ಎಷ್ಟು ಗಡಿ ಹಳ್ಳಿಗಳಿಗಿದೆ?

ಆದರೂ ಈ ಭಾಗದ ನೂರಾರು ಮಕ್ಕಳಿಗೆ ಆ ವಿಶ್ವವಿದ್ಯಾಲಯಗಳ ಗೇಟು ದೂರವೇ ಉಳಿದಿದೆ. ಅಡ್ಡ ನಿಂತಿರುವುದು ಬಸ್ಸಿನ ದುಡ್ಡಲ್ಲ, ಸೀಟಿನ ಕೊರತೆಯೂ ಅಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಆಳಂದ, ಅಫಜಲಪುರ, ಜೇವರ್ಗಿಯ ಯಾವ ಹಳ್ಳಿಯ ಕಟ್ಟೆಯ ಮೇಲೆ ಕುಳಿತರೂ ಒಂದು ಮಾತು ಕಿವಿಗೆ ಬೀಳುತ್ತದೆ: ‘ಎಲ್ಲಾದ್ರಾಗೂ ಪಾಸ್ ಆಗ್ಯಾಳ್ರಿ, ಗಣಿತ ಒಂದ ಹೋಗ್ಯಾದ.’ ಆ ‘ಒಂದ’ ಎಂಬುದರ ಮುಂದೆ ಪಿಯುಸಿ ಇಲ್ಲ, ಪದವಿ ಇಲ್ಲ, ವಿಶ್ವವಿದ್ಯಾಲಯವಿಲ್ಲ. ಹುಡುಗನಾದರೆ ಪುಣೆ, ಮುಂಬಯಿಯ ಕೆಲಸದ ಬಸ್ಸು ಹತ್ತುತ್ತಾನೆ. ಹುಡುಗಿಯಾದರೆ ಆ ಬೇಸಿಗೆಯಲ್ಲೇ ಮನೆಯಲ್ಲಿ ಮದುವೆಯ ಮಾತು ಶುರುವಾಗುತ್ತದೆ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಯದಾಗಿತ್ತು. ರಾಜ್ಯದ ಸರಾಸರಿ ಶೇ 66.14 ಇದ್ದಾಗ ನಮ್ಮದು ಶೇ 42.43. ಮೊದಲ ಸ್ಥಾನದ ದಕ್ಷಿಣ ಕನ್ನಡದಲ್ಲಿ ಅದು ಶೇ 91.12. ಇದನ್ನು ಇಲ್ಲಿನ ಮಕ್ಕಳ ಬುದ್ಧಿಯ ಲೆಕ್ಕವೆಂದು ಓದುವವರ ಮಾತಿಗೆ ನಾನು ಒಪ್ಪುವುದಿಲ್ಲ. ಇದು ಕಲಿಸುವಿಕೆಯ ಲೆಕ್ಕ, ತರಗತಿಯಲ್ಲಿ ಮಗು ಕೂತ ದಿನಗಳ ಲೆಕ್ಕ.

ಗಣಿತವೇ ಯಾಕೆ ಹೋಗುತ್ತದೆ ಎಂಬುದಕ್ಕೆ ಈ ಸೀಮೆಯ ಕ್ಯಾಲೆಂಡರ್ ನೋಡಬೇಕು. ಇದು ತೊಗರಿಯ ನಾಡು. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ಲು, ರಾಶಿ. ಶಾಲೆಯಲ್ಲಿ ಪಾಠ ಮುಗಿಸಿ ಪೂರ್ವಸಿದ್ಧತಾ ಪರೀಕ್ಷೆಗೆ ಅಣಿಯಾಗುವ ಕಾಲವೂ ಅದೇ. ದಸರಾ, ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಮಹಾರಾಷ್ಟ್ರದ ಕಾರ್ಖಾನೆಗಳ ಕಡೆಗೆ ಹೋದ ಕುಟುಂಬಗಳು ಮರಳುವುದು ಬೇಸಿಗೆ ಹತ್ತಿರವಾದಾಗ. ಎರಡು ತಿಂಗಳು ಶಾಲೆ ತಪ್ಪಿಸಿಕೊಂಡ ಮಗು ಸಮಾಜ ವಿಜ್ಞಾನದ ಎರಡು ಪಾಠ ಬಿಟ್ಟು ಮೂರನೆಯದನ್ನು ಓದಬಲ್ಲದು. ಗಣಿತದಲ್ಲಿ ಅದು ನಡೆಯುವುದಿಲ್ಲ. ಭಿನ್ನರಾಶಿ ತಪ್ಪಿದವನಿಗೆ ಬೀಜಗಣಿತ ತಪ್ಪುತ್ತದೆ, ಬೀಜಗಣಿತ ತಪ್ಪಿದವನಿಗೆ ವರ್ಗ ಸಮೀಕರಣ ಮಂತ್ರವಾಗುತ್ತದೆ. ಐದನೆಯ ತರಗತಿಯ ಬಾಕಿಯನ್ನು ಹತ್ತನೆಯ ತರಗತಿಯ ಮೇಷ್ಟ್ರು ಮೂರು ತಿಂಗಳಲ್ಲಿ ತೀರಿಸಬೇಕೆಂದು ನಾವು ಕೇಳುತ್ತೇವೆ. ಅದೂ ಆ ಶಾಲೆಯಲ್ಲಿ ಗಣಿತದ ಮೇಷ್ಟ್ರು ಇದ್ದರೆ!

ಮೇಷ್ಟ್ರ ಕೈಯಲ್ಲಿ ಉಳಿಯುವ ಉಪಾಯ ‘ಪಾಸಿಂಗ್ ಪ್ಯಾಕೇಜ್’. ರಾಜ್ಯದ ಯಾವ ಸರ್ಕಾರಿ ಪ್ರೌಢಶಾಲೆಗೆ ಹೋದರೂ ಈ ಹೆಸರು ಗೊತ್ತು. ನಿಧಾನವಾಗಿ ಕಲಿಯುವ ಮಕ್ಕಳನ್ನು ಬೇರೆ ಕೂರಿಸಿ, ಇಡೀ ಪುಸ್ತಕ ಬಿಟ್ಟು, ಖಾತ್ರಿಯಾಗಿ ಬರುವ ಕೆಲವೇ ಪ್ರಶ್ನೆಗಳನ್ನು ದಿನವೂ ಬರೆಸುವುದು. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳನ್ನು ನಕ್ಷೆಯಲ್ಲಿ ಬಿಡಿಸುವುದಕ್ಕೆ 4 ಅಂಕ. ಥೇಲ್ಸ್ ಪ್ರಮೇಯ ನಿರೂಪಿಸಿ ಸಾಧಿಸುವುದಕ್ಕೆ ಇನ್ನಷ್ಟು. ಸರಾಸರಿಯೋ ಮಧ್ಯಾಂಕವೋ ಒಂದು, ಸಮಾಂತರ ಶ್ರೇಢಿಯ ಸೂತ್ರ ಹಾಕುವುದು ಒಂದು. ಹೀಗೆ ಕೂಡಿಸುತ್ತ ಕೂಡಿಸುತ್ತ 28ರ ಹತ್ತಿರ ತಂದು ನಿಲ್ಲಿಸುವುದು. ಲಿಖಿತ ಪರೀಕ್ಷೆಯ 80 ಅಂಕಗಳಲ್ಲಿ ಪಾಸಾಗಲು ಇಷ್ಟು ವರ್ಷ ಬೇಕಿದ್ದದ್ದು ಆ 28.

ಆ ನಕ್ಷೆಯ ಲೆಕ್ಕವನ್ನು ಮಗು ಮಾಡುವುದನ್ನು ಹತ್ತಿರ ನಿಂತು ನೋಡಿ. ಮೊದಲು ಎರಡು ಕೋಷ್ಟಕ ಹಾಕುತ್ತದೆ. ಎಕ್ಸ್ ಸೊನ್ನೆಯಾದರೆ ವೈ ಎಷ್ಟು, ಎಕ್ಸ್ ಒಂದಾದರೆ ಎಷ್ಟು, ಎರಡಾದರೆ ಎಷ್ಟು. ನಕ್ಷೆ ಹಾಳೆಯ ಮೇಲೆ ಅಕ್ಷ ಎಳೆದು, ಪ್ರಮಾಣ ಬರೆದು, ಬಿಂದು ಇಡುತ್ತದೆ. ಸ್ಕೇಲು ಇಟ್ಟು ಗೆರೆ ಎಳೆದಾಗ ಎರಡೂ ಒಂದು ಕಡೆ ಕತ್ತರಿಸುತ್ತವೆ. ಆ ಬಿಂದುವಿನ ಬೆಲೆ ಓದಿ ಬರೆದರೆ ಪೂರ್ತಿ 4 ಅಂಕ. ಎಷ್ಟೋ ಮಕ್ಕಳು ಇದನ್ನು ಮುತ್ತಿನಂತೆ ಬಿಡಿಸುತ್ತಾರೆ. ಆದರೆ ಆ ಎರಡು ಗೆರೆಗಳು ಅಲ್ಲೇ ಯಾಕೆ ಕೂಡಿದವು, ಅಲ್ಲಿ ಕೂಡಿದ್ದಕ್ಕೂ ಉತ್ತರಕ್ಕೂ ಏನು ಸಂಬಂಧ ಎಂದು ಕೇಳಿದರೆ ಪೆನ್ಸಿಲ್ ನಿಂತುಬಿಡುತ್ತದೆ. ಅದೇ ಮಗು ಅಪ್ಪನ ಜತೆ ತೊಗರಿ ಮಾರಲು ಹೋದಾಗ ಚೀಲ, ತೂಕ, ದರ, ಹಮಾಲಿ, ದಲಾಲಿ ಎಲ್ಲ ಕೂಡಿ ಕಳೆದು ಕೈಗೆ ಬರುವ ದುಡ್ಡನ್ನು ಬಾಯಲ್ಲೇ ಹೇಳುತ್ತದೆ. ಲೆಕ್ಕದ ತಲೆ ಇಲ್ಲ ಎನ್ನುವ ಹಾಗಿಲ್ಲ. ಹಾಗೆಂದು ಅಡತಿ ಅಂಗಡಿಯ ಬಾಯಿಲೆಕ್ಕ ಬಂದರೆ ಬೀಜಗಣಿತ ಬಂದಂತೆ ಎಂದೂ ಅಲ್ಲ. ಆ ಎರಡನ್ನೂ ಜೋಡಿಸಿ ಕೊಡುವವರು ಬೇಕಿತ್ತು. ಅಲ್ಲಿ ಕೊರತೆಯಾಯಿತು.

ಈಗ ಒಂದು ಗೆರೆ ಸರಿದಿದೆ. 2025ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಪ್ರಕಟಿಸಿದಂತೆ ಎಸ್ಸೆಸ್ಸೆಲ್ಸಿ ಪಾಸಾಗಲು ಒಟ್ಟು 625ರಲ್ಲಿ ಶೇ 33, ಅಂದರೆ 206 ಅಂಕ ಸಾಕು. ಪ್ರತಿ ವಿಷಯದಲ್ಲಿ ಆಂತರಿಕ ಮೌಲ್ಯಮಾಪನವೂ ಸೇರಿ ಕನಿಷ್ಠ ಶೇ 30 ಬರಬೇಕು. ಗಣಿತದ ಆಂತರಿಕ ಅಂಕ 20. ಅದು ಪೂರ್ತಿ ಸಿಕ್ಕವರಿಗೆ ಲಿಖಿತದಲ್ಲಿ 10 ಬಂದರೂ ದಾರಿ ತೆರೆಯುತ್ತದೆ. ಇದರ ಹಿಂದೆ 2024ರ ಕಥೆಯಿದೆ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ವರ್ಷ ಅದು. ನಕಲು ನಿಂತಿತು, ಫಲಿತಾಂಶ ಕುಸಿಯಿತು. ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆಯೂ ರಾಜ್ಯದ ಫಲಿತಾಂಶ ನಿಂತದ್ದು ಶೇ 73.40ರಲ್ಲಿ. ಆ ಕೃಪಾಂಕ ಒಂದೇ ಸಲಕ್ಕೆ ಎಂದರು. ಮರುವರ್ಷ ಅದಿಲ್ಲದೆ ನಮ್ಮ ಜಿಲ್ಲೆ ಎಲ್ಲಿಗೆ ಬಿತ್ತೆಂದು ಮೇಲೆ ಹೇಳಿದ್ದೇನೆ.

ಪಾಸ್ ಅಂಕ ಇಳಿಸಿದ್ದನ್ನು ಗುಣಮಟ್ಟದ ಹೆಸರಲ್ಲಿ ಟೀಕಿಸಿದವರು ಬಹಳ. ನಾನು ಆ ಸಾಲಿನಲ್ಲಿ ಇಲ್ಲ. ಕನ್ನಡ ಸಾಹಿತ್ಯ ಓದಬೇಕೆನ್ನುವ ಹುಡುಗಿಯನ್ನು, ವಕೀಲನಾಗಬೇಕೆನ್ನುವ ಹುಡುಗನನ್ನು ತ್ರಿಕೋನಮಿತಿಯ ಒಂದು ಪ್ರಶ್ನೆಗೆ ಶಾಲೆಯಿಂದಲೇ ಹೊರಗೆ ಹಾಕುವುದು ನ್ಯಾಯವಲ್ಲ. ಆದರೆ ಅಂಕ ಇಳಿಸಿದ ಮೇಲೆ ಸರ್ಕಾರದ ಕೆಲಸ ಮುಗಿಯಿತು ಎನ್ನುವುದನ್ನೂ ಒಪ್ಪಲಾರೆ. ಇವೆರಡೂ ಒಟ್ಟಿಗೆ ನಿಲ್ಲಬೇಕು.

ಹಿರೋಳ್ಳಿಯ ಜನಕ್ಕೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಚೆಕ್‌ಪೋಸ್ಟಿನ ಆಚೆ ಅಕ್ಕಲಕೋಟ ತಾಲ್ಲೂಕು. ಅಲ್ಲೂ ಕನ್ನಡ ಮಾತಾಡುವ ಮನೆಗಳಿವೆ, ಕನ್ನಡ ಮಾಧ್ಯಮದ ಶಾಲೆಗಳಿವೆ. ಅತ್ತೆಯ ಮನೆ ಆಚೆ, ತಾಯಿಯ ಮನೆ ಈಚೆ. ಆದರೆ ಬೋರ್ಡು ಬೇರೆ. ಮಹಾರಾಷ್ಟ್ರದಲ್ಲಿ ಹತ್ತನೆಯ ತರಗತಿಯಲ್ಲಿ ಒಂದೆರಡು ವಿಷಯ ಹೋದವರೂ ಎ.ಟಿ.ಕೆ.ಟಿ. ಸೌಲಭ್ಯದ ಮೇಲೆ ಹನ್ನೊಂದನೆಯ ತರಗತಿಗೆ ಸೇರಬಹುದು. ಬಾಕಿ ವಿಷಯವನ್ನು ಅದರ ಜತೆಗೇ ಬರೆದು ಮುಗಿಸಬೇಕು. ಈಚೆ ಆ ಪದ್ಧತಿ ಇಲ್ಲ. ಎಲ್ಲ ವಿಷಯ ಪಾಸಾಗದೆ ಪಿಯು ಕಾಲೇಜಿನ ಅರ್ಜಿಯೇ ಇಲ್ಲ. ಒಂದೇ ಮನೆತನದ ಇಬ್ಬರು ಸೋದರಸಂಬಂಧಿಗಳು ಒಂದೇ ವರ್ಷ ಗಣಿತದಲ್ಲಿ ಹೋದರೆನ್ನಿ. ಆಚೆಯವನು ಕಾಲೇಜಿನ ಬೆಂಚಿನ ಮೇಲಿರುತ್ತಾನೆ, ಈಚೆಯವನು ಮನೆಯ ಕಟ್ಟೆಯ ಮೇಲೆ. 2024ರಲ್ಲಿ ಮಹಾರಾಷ್ಟ್ರ ತನ್ನ ರಾಜ್ಯ ಪಠ್ಯಕ್ರಮ ಚೌಕಟ್ಟಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಣಿತ, ವಿಜ್ಞಾನದಲ್ಲಿ 100ಕ್ಕೆ 20 ಬಂದರೂ ಮುಂದಿನ ತರಗತಿಗೆ ಬಿಡುವ, ಆದರೆ ಮುಂದೆ ಗಣಿತ–ವಿಜ್ಞಾನದ ಓದಿಗೆ ಅವಕಾಶವಿಲ್ಲ ಎಂದು ಅಂಕಪಟ್ಟಿಯಲ್ಲಿ ಷರಾ ಬರೆಯುವ ವ್ಯವಸ್ಥೆಯನ್ನು ಮುಂದಿಟ್ಟಿತು. ಆ ಷರಾ ನನಗೆ ಹಿಡಿಸುವುದಿಲ್ಲ. ಹದಿನೈದು ವರ್ಷದ ಮಗುವಿನ ಕಾಗದದ ಮೇಲೆ ಜೀವಮಾನದ ತೀರ್ಪು ಬರೆಯುವ ಅಧಿಕಾರ ಯಾವ ಬೋರ್ಡಿಗೂ ಬೇಡ. ಆದರೆ ಅದರ ಹಿಂದಿರುವ ಪ್ರಶ್ನೆ ಸರಿಯಾದದ್ದು. ಗಣಿತ ಬೇಡದ ಓದಿಗೂ ಗಣಿತದ ಕಾವಲು ಯಾಕೆ?

ಈ ಪ್ರಶ್ನೆ ಹೊಸದೇನಲ್ಲ. ಕಲಿಕಾ ತೊಂದರೆ ಇರುವ ಮಕ್ಕಳ ಬಗ್ಗೆ ಮನೋವೈದ್ಯ ಡಾ. ಹರೀಶ್ ಶೆಟ್ಟಿ ಹಾಕಿದ್ದ ಅರ್ಜಿಯ ವಿಚಾರಣೆಯಲ್ಲಿ ಬಾಂಬೆ ಹೈಕೋರ್ಟ್ 2017ರಲ್ಲಿ ಇದನ್ನೇ ಕೇಳಿತ್ತು. ಗಣಿತವನ್ನು ಐಚ್ಛಿಕ ಮಾಡಿದರೆ ಕಲೆಯ ಕಡೆ ಹೋಗುವ ಮಕ್ಕಳು ಪದವಿ ಮುಗಿಸಲು ಅನುಕೂಲವಲ್ಲವೇ ಎಂದದ್ದು ನ್ಯಾಯಪೀಠ. 1975ರವರೆಗೆ ಅಲ್ಲಿನ ಹತ್ತನೆಯ ತರಗತಿಯಲ್ಲಿ ಅಂಥ ಆಯ್ಕೆ ಇತ್ತೆಂಬುದನ್ನೂ ನೆನಪಿಸಿತ್ತು.

ಕರ್ನಾಟಕದಲ್ಲೂ ಒಂದು ಸಣ್ಣ ಬಾಗಿಲಿದೆ; ಬಹಳ ಜನಕ್ಕೆ ಗೊತ್ತಿಲ್ಲ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯನ್ನು ಗಮನವಿಟ್ಟು ಓದಿ. ಗಣಿತದ ದಿನವೇ ಸಮಾಜಶಾಸ್ತ್ರದ ಹೆಸರೂ ಇರುತ್ತದೆ. ವಿಜ್ಞಾನದ ದಿನ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ. ಅಂಗವೈಕಲ್ಯ ಅಥವಾ ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಕೊಟ್ಟಿರುವ ಪರ್ಯಾಯ ವಿಷಯಗಳಿವು. ಆದರೆ ಇದಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕು, ನೋಂದಣಿಯ ಹೊತ್ತಿಗೇ ಗುರುತಿಸಿರಬೇಕು. ಕಣ್ಣು ಕಾಣದ ಮಗುವನ್ನು ಊರೇ ಗುರುತಿಸುತ್ತದೆ. ಅಕ್ಷರ, ಅಂಕಿ ತಲೆಕೆಳಗಾಗಿ ಕಾಣುವ ಮಗುವನ್ನು ಯಾರು ಗುರುತಿಸಬೇಕು? ಬೆಂಗಳೂರಿನ ಶಾಲೆಯಲ್ಲಿ ಆಪ್ತಸಮಾಲೋಚಕಿ ಇರುತ್ತಾಳೆ. ನಮ್ಮ ಹಳ್ಳಿಯ ಶಾಲೆಯಲ್ಲಿ ಆ ಮಗುವಿಗೆ ಸಿಗುವ ಹೆಸರು ‘ದಡ್ಡ’. ಸೌಲಭ್ಯ ಕಾಗದದ ಮೇಲಿದೆ, ಅದು ಬೇಕಾದ ಮಗು ಕೊನೆಯ ಬೆಂಚಿನಲ್ಲಿದೆ.

ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್, ಇನ್ನೊಂದು ದಾರಿ. ಅಲ್ಲಿ ಹತ್ತನೆಯ ತರಗತಿಗೆ ಐದು ವಿಷಯ ಆರಿಸಿಕೊಳ್ಳಬೇಕು, ಅದರಲ್ಲಿ ಗಣಿತ ಇರಲೇಬೇಕೆಂಬ ಕಟ್ಟಳೆಯಿಲ್ಲ. ಆದರೆ ಈ ದಾರಿ ಹಿಡಿಯುವ ಮುನ್ನ ಒಂದು ವಿಷಯ ಗೊತ್ತಿರಲಿ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಹತ್ತನೆಯ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಪಾಸಾಗಿರಬೇಕು. ಹಳ್ಳಿಯಲ್ಲೇ ಇದ್ದು ಮಾಡಬಹುದಾದ ಕೇಂದ್ರ ಸರ್ಕಾರದ ಕೆಲಸವೆಂದು ಈ ಭಾಗದ ಯುವಕರು ಬಯಸುವ ಹುದ್ದೆ ಅದು. ಗಣಿತ ಬಿಟ್ಟವರಿಗೆ ಅದು ಕೈತಪ್ಪುತ್ತದೆ. ಎನ್‌ಐಒಎಸ್‌ಗೆ ಹೆಸರು ಬರೆಸುವ ಏಜೆಂಟರು ಇದನ್ನು ಹೇಳುವುದಿಲ್ಲ.

ಹತ್ತನೆಯ ತರಗತಿ ದಾಟಿದ ಮೇಲೆ ಚಿತ್ರ ಬದಲಾಗುತ್ತದೆ. ಇದನ್ನು ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಯಾರಾದರೂ ಕೂರಿಸಿ ಹೇಳಬೇಕು. ಗಣಿತ ಹೋದರೆ ಓದೇ ಹೋಯಿತು ಎಂಬ ಭಯ ಇಲ್ಲಿ ಬಹಳ. ಪಿಯುಸಿ ಕಲಾ ವಿಭಾಗಕ್ಕೆ ಗಣಿತ ಬೇಡ. ವಾಣಿಜ್ಯದಲ್ಲಿ ಬೇಸಿಕ್ ಮ್ಯಾಥ್ಸ್ ತೆಗೆದುಕೊಳ್ಳದ ಸಂಯೋಜನೆಗಳೂ ಇವೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಬಿ.ಎ., ಬಿ.ಕಾಂ. ಸೇರಲು ಗಣಿತದ ಅಂಕ ಯಾರೂ ಕೇಳುವುದಿಲ್ಲ. ಐದು ವರ್ಷದ ಕಾನೂನು ಪದವಿಗೆ ಪಿಯುಸಿಯ ಒಟ್ಟು ಅಂಕ ನೋಡುತ್ತಾರೆ, ಗಣಿತವನ್ನಲ್ಲ. ಬಿ.ಎಸ್ಸಿ. ನರ್ಸಿಂಗ್‌ಗೆ ಬೇಕಾದದ್ದು ಜೀವಶಾಸ್ತ್ರ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ 2022ರಿಂದ ಸಿಯುಇಟಿ ಬರೆದು ಸೇರಬೇಕು. ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆಳಂದ ತಾಲ್ಲೂಕಿನ ಮಕ್ಕಳಿಗೆ ಈ ಮಾತು ಮುಟ್ಟಿದೆಯೇ ಎಂಬುದೇ ನನ್ನ ಚಿಂತೆ. ತಮ್ಮ ತಾಲ್ಲೂಕಿನ ನೆಲದ ಮೇಲಿರುವ ವಿಶ್ವವಿದ್ಯಾಲಯಕ್ಕೆ ದೇಶದ ಮೂಲೆ ಮೂಲೆಯಿಂದ ಮಕ್ಕಳು ಬರುವಾಗ ಇವರು ಅರ್ಜಿ ಹಾಕುವುದನ್ನೇ ಮರೆತರೆ ಅದು ದೊಡ್ಡ ನಷ್ಟ.

ಎಂಜಿನಿಯರಿಂಗ್ ಮಾತ್ರ ಬೇರೆ ಮಾತು. ಸಿಇಟಿ ಮೂಲಕ ಬಿ.ಇ. ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಕಡ್ಡಾಯ. ಐಚ್ಛಿಕ ವಿಷಯಗಳಲ್ಲಿ ಶೇ 45, ಮೀಸಲು ವರ್ಗದವರಿಗೆ ಶೇ 40 ಬೇಕು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ, ಅಂದರೆ ಎಐಸಿಟಿಇ, ತನ್ನ ಕೈಪಿಡಿಯಲ್ಲಿ ಹದಿನಾಲ್ಕು ವಿಷಯಗಳ ಪಟ್ಟಿ ಕೊಟ್ಟು, ಅದರಲ್ಲಿ ಯಾವುದಾದರೂ ಮೂರು ಓದಿದ್ದರೆ ಸಾಕು ಎಂದಾಗ ದೇಶದಾದ್ಯಂತ ಗದ್ದಲವಾಯಿತು. ಗಣಿತವಿಲ್ಲದ ಎಂಜಿನಿಯರ್ ಹೇಗೆ ಸಾಧ್ಯ ಎಂದು ಪ್ರಾಧ್ಯಾಪಕರು ಕೇಳಿದರು. ಸರಿಯಾಗಿಯೇ ಕೇಳಿದರು. ಗಣಿತದಲ್ಲಿ ಹಿಂದೆ ಉಳಿದವರಿಗೆ ಬ್ರಿಡ್ಜ್ ಕೋರ್ಸ್ ಕೊಡುವುದು ಎಐಸಿಟಿಇ ಹೇಳಿದ ಪರಿಹಾರವಾಗಿತ್ತು.

ಆ ಬ್ರಿಡ್ಜ್ ನಮ್ಮಲ್ಲಿ ಮೊದಲೇ ಇತ್ತು, ಡಿಪ್ಲೊಮಾದ ರೂಪದಲ್ಲಿ. ಎಸ್ಸೆಸ್ಸೆಲ್ಸಿ ಪಾಸಾದವರು ಕಲಬುರಗಿಯ ಪಾಲಿಟೆಕ್ನಿಕ್ ಸೇರಿ ಮೂರು ವರ್ಷ ಓದಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರುತ್ತಾರೆ. ಪಿಯುಸಿ ಗಣಿತದಲ್ಲಿ ಹೋದವರಿಗೂ ಈ ದಾರಿ ಮುಚ್ಚಿಲ್ಲ, ಎಸ್ಸೆಸ್ಸೆಲ್ಸಿ ಅಂಕದ ಮೇಲೇ ಡಿಪ್ಲೊಮಾ ಸೇರಬಹುದು. ಹಾಗೆ ಬಂದವರಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹೆಚ್ಚುವರಿ ಗಣಿತದ ಎರಡು ಪತ್ರಿಕೆ ಇಟ್ಟಿತು. ಅದಕ್ಕೆ ಕ್ರೆಡಿಟ್ ಇಲ್ಲ, ಪಾಸಾಗದೆ ಪದವಿಯೂ ಇಲ್ಲ. ನನ್ನ ಮಟ್ಟಿಗೆ ಇದು ಒಳ್ಳೆಯ ಮಾದರಿ. ಬಾಗಿಲಲ್ಲಿ ತಡೆಯದೆ ಒಳಗೆ ಕರೆದುಕೊಂಡು, ಬೇಕಾದಷ್ಟು ಗಣಿತವನ್ನು ಅಲ್ಲಿ ಕಲಿಸುವುದು. ಡಿಪ್ಲೊಮಾ ಹುಡುಗರು ಮೊದಲ ಸೆಮಿಸ್ಟರಿನಲ್ಲಿ ಗಣಿತದ ಎದುರು ಒದ್ದಾಡುತ್ತಾರೆ ನಿಜ, ಆದರೆ ವರ್ಕ್‌ಶಾಪಿನಲ್ಲಿ ಮೂರು ವರ್ಷ ಕೈ ಪಳಗಿಸಿಕೊಂಡು ಬಂದವರಿಗೆ ಆ ಸೂತ್ರ ಎಲ್ಲಿ ಕೆಲಸಕ್ಕೆ ಬರುತ್ತದೆಂಬುದು ಗೊತ್ತಿರುತ್ತದೆ.

ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಮೀಸಲು. 2013ರಿಂದ ಇದು ಜಾರಿಯಲ್ಲಿದೆ. ಬಹಳ ಹೋರಾಟದಿಂದ ಬಂದದ್ದು. ಆದರೆ ಮೀಸಲು ಸೀಟು ಕಾಯುವುದು ಪಾಸಾದವರನ್ನು. ಹತ್ತನೆಯ ತರಗತಿಯಲ್ಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳು ಉಳಿದುಬಿಟ್ಟ ಜಿಲ್ಲೆಯಲ್ಲಿ ಶೇ 70ರ ಪಾಲು ಯಾರ ಕೈ ಸೇರುತ್ತದೆ? ಕಲಬುರಗಿ ಪಟ್ಟಣದ ಕೋಚಿಂಗ್ ಕೊಂಡುಕೊಳ್ಳಬಲ್ಲವರ ಕೈಯನ್ನು. ಹಿರೋಳ್ಳಿಯ ಹೊಲದ ಕೂಲಿಯ ಮಗಳ ಹೆಸರಿನಲ್ಲಿ ಬಂದ ಕಾನೂನು ಅವಳ ತನಕ ಬರುವುದಿಲ್ಲ.

ನಿಯಮ ಮೀರಿ ಒಳಗೆ ಕರೆದುಕೊಂಡ ವಿಶ್ವವಿದ್ಯಾಲಯಗಳೂ ಇವೆ. ಶ್ರೀನಿವಾಸ ರಾಮಾನುಜನ್ ಗಣಿತ ಒಂದನ್ನೇ ಹಿಡಿದು ಉಳಿದ ವಿಷಯಗಳಲ್ಲಿ ನಪಾಸಾಗಿ, ಎಫ್.ಎ. ಪರೀಕ್ಷೆ ದಾಟಲಾರದೆ ಹೋದವರು. ಪದವಿಯೇ ಇಲ್ಲದ ಅವರಿಗೆ ಮದ್ರಾಸ್ ವಿಶ್ವವಿದ್ಯಾಲಯ 1913ರಲ್ಲಿ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. ಒಂದು ವಿಷಯದಲ್ಲಿ ಮುಂದಿದ್ದು ಉಳಿದದ್ದರಲ್ಲಿ ಹಿಂದಿರುವುದು ಅಪರಾಧವಲ್ಲವೆಂದು ಅಂದಿನ ಆಡಳಿತಗಾರರು ಒಪ್ಪಿದರು. ಅದನ್ನು ನಾವು ಮಹಾಪ್ರತಿಭೆಯ ಕಥೆಯೆಂದು ಮಾತ್ರ ಓದುತ್ತೇವೆ. ಸಾಮಾನ್ಯ ಮಗುವಿಗೂ ಆ ನ್ಯಾಯ ಸಲ್ಲಬೇಕು, ತಿರುಗಾಮುರುಗಾ.

ಬರೀ ಮತ್ತೆ ಮತ್ತೆ ಪರೀಕ್ಷೆ ಬರೆಸುವುದರಿಂದ ಆ ನ್ಯಾಯ ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ ಶಾಲೆಯ ಕೊನೆಯ ಗಣಿತ ಪರೀಕ್ಷೆಯಲ್ಲಿ ನಿಗದಿತ ದರ್ಜೆ ಬಾರದವರು ಹದಿನೆಂಟರವರೆಗೂ ಗಣಿತ ಓದುತ್ತಲೇ ಇರಬೇಕು. ಮತ್ತೆ ಮತ್ತೆ ಬರೆದವರಲ್ಲಿ ಹೆಚ್ಚಿನವರು ಅದೇ ಗೆರೆಯ ಈಚೆಯೇ ಉಳಿಯುತ್ತಾರೆ. ಅದೇ ಪಾಠ, ಅದೇ ರೀತಿ, ಅದೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಬರೀ ಪರೀಕ್ಷೆಯ ಸಂಖ್ಯೆ ಹೆಚ್ಚಿಸಿದರೆ ಫಲ ಕಡಿಮೆ ಎಂಬುದು ಅಲ್ಲಿನ ಅನುಭವ. ನಮ್ಮಲ್ಲೂ 2024ರಿಂದ ವರ್ಷಕ್ಕೆ ಮೂರು ಪರೀಕ್ಷೆ ಇವೆ. ವರ್ಷ ಹಾಳಾಗದಂತೆ ಮಾಡಿದ ಒಳ್ಳೆಯ ಕ್ರಮ ಅದು. ಆದರೆ ಪರೀಕ್ಷೆ–1 ಮತ್ತು ಪರೀಕ್ಷೆ–2ರ ನಡುವಿನ ಬೇಸಿಗೆಯಲ್ಲಿ ಆ ಮಗುವಿಗೆ ಕಲಿಸುವವರು ಯಾರು? ಸಿಬಿಎಸ್‌ಇ 2020ರ ಹತ್ತನೆಯ ತರಗತಿ ಪರೀಕ್ಷೆಯಿಂದಲೇ ಗಣಿತವನ್ನು ಬೇಸಿಕ್, ಸ್ಟ್ಯಾಂಡರ್ಡ್ ಎಂದು ಎರಡು ಮಟ್ಟ ಮಾಡಿತು. ಪಠ್ಯ ಒಂದೇ, ಪ್ರಶ್ನೆಪತ್ರಿಕೆಯ ಕಾಠಿಣ್ಯ ಬೇರೆ. ವಿಷಯಗಳನ್ನು ಎರಡು ಮಟ್ಟದಲ್ಲಿ ಕೊಡಬಹುದೆಂಬ ಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದೆ. ಕರ್ನಾಟಕದ ಪರೀಕ್ಷಾ ಮಂಡಳಿ ಇದನ್ನು ಯಾಕೆ ಮಾಡಬಾರದು? ಬೇಸಿಕ್ ಪತ್ರಿಕೆಯಲ್ಲಿ ಬಡ್ಡಿ, ಶೇಕಡಾವಾರು, ಅಳತೆ, ನಕ್ಷೆ ಓದುವುದು, ಸರಾಸರಿ ಇರಲಿ. ಬ್ಯಾಂಕಿನ ಸಾಲಪತ್ರ ಓದಲು, ಬೆಳೆ ವಿಮೆಯ ಕಾಗದ ತಿಳಿಯಲು ಬೇಕಾದಷ್ಟು ಗಣಿತ ಪ್ರತಿಯೊಬ್ಬರಿಗೂ ಬರಲೇಬೇಕು. ಅದರಲ್ಲಿ ರಿಯಾಯಿತಿ ಬೇಡ. ಮನಸ್ಸು ಬದಲಾದವರಿಗೆ ಮುಂದೆ ಸ್ಟ್ಯಾಂಡರ್ಡ್ ಬರೆಯುವ ಅವಕಾಶವೂ ತೆರೆದಿರಲಿ.

ಅದಾಗುವ ತನಕ ಮಾಡಬಹುದಾದ ಕೆಲಸ ಊರಲ್ಲೇ ಇದೆ. ಮುಖ್ಯೋಪಾಧ್ಯಾಯರಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ, ಗ್ರಾಮ ಪಂಚಾಯಿತಿಯವರಲ್ಲಿ ನನ್ನ ವಿನಂತಿ ಇಷ್ಟೇ. ಫಲಿತಾಂಶ ಬಂದ ದಿನ ರ‍್ಯಾಂಕ್ ಬಂದವರ ಫ್ಲೆಕ್ಸ್ ಹಾಕುವ ಮೊದಲು ಗಣಿತ ಒಂದರಲ್ಲೇ ಹೋದವರ ಪಟ್ಟಿ ಮಾಡಿ. ಅವರ ಮನೆಗೆ ಹೋಗಿ, ಪರೀಕ್ಷೆ–2ಕ್ಕೆ ಅಂದೇ ಹೆಸರು ನೋಂದಾಯಿಸಿ, ಊರಿನ ಬಿ.ಎಸ್ಸಿ. ಓದಿದ ಹುಡುಗ ಹುಡುಗಿಯರನ್ನು ಒಪ್ಪಿಸಿ ಶಾಲೆಯ ಒಂದು ಕೋಣೆಯನ್ನು ಬೇಸಿಗೆಯಲ್ಲಿ ತೆರೆದಿಡಿ. ಗೌರವಧನ ಪಂಚಾಯಿತಿ ಕೊಡಲಿ. ಹುಡುಗಿಯರ ಮನೆಗೆ ಮೊದಲು ಹೋಗಿ, ಅಲ್ಲಿ ಸಮಯ ಬಹಳ ಇರುವುದಿಲ್ಲ.